ಮೂರನೆಯ ಸಲ ಕರೆದಾಗ

ನಮ್ಮ ಚೌರನಹಳ್ಳಿಯ ಚರ್ಚಿನ ಹಿಂದೆ ಸಮಾಧಿಭೂಮಿ ಇದೆ. ಅದರ ಗೋಡೆಗೆ ಒರಗಿದಂತೆ ಹೆಂಚು ಹೊದಿಸಿದ ಒಂದೇ ಒಂದು ಕೋಣೆ. ಮೊದಲು ಅದರಲ್ಲಿ ಹೆಣ ಹೊರುವ ಮರದ ಚಟ್ಟ, ಗುದ್ದಲಿ, ಹಾರೆ, ಸುಣ್ಣದ ಬಕೆಟ್ಟು ಇಡುತ್ತಿದ್ದರು. ಪೂಜ್ಯ ಸಿಸ್ಟರ್ ಮದಲೇನಮ್ಮನವರು ತಮ್ಮ ಬದುಕಿನ ಕೊನೆಯ ಹನ್ನೊಂದು ವರ್ಷ ವಾಸವಾಗಿದ್ದದ್ದು ಆ ಕೋಣೆಯಲ್ಲಿ. ಚಟ್ಟವನ್ನು ಅವರು ಹೊರಗೆ ಹಾಕಿಸಲಿಲ್ಲ. ಒಂದು ಗೋಡೆಗೆ ಅದು, ಇನ್ನೊಂದು ಗೋಡೆಗೆ ಅವರ ಮಂಚ. “ಇಬ್ಬರಿಗೂ ಜಾಗ ಇದೆ” ಎನ್ನುತ್ತಿದ್ದರು.

ಅವರು ಮೂವತ್ತು ವರ್ಷ ನಮ್ಮೂರ ಕಾನ್ವೆಂಟಿನ ಔಷಧಾಲಯದಲ್ಲಿ ನರ್ಸಾಗಿದ್ದವರು. ಸುತ್ತಲಿನ ಹಳ್ಳಿಗಳ ಎಷ್ಟೋ ಮಕ್ಕಳನ್ನು ಈ ಲೋಕದಲ್ಲಿ ಮೊದಲು ಮುಟ್ಟಿದ ಕೈ ಅವರದು. ಕಣ್ಣಿನ ನರ ಒಣಗಿ ದೃಷ್ಟಿ ಪೂರ್ತಿ ಹೋದ ಮೇಲೆ, ಮಠದ ದೊಡ್ಡ ಮನೆಗೆ ಬಂದು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮೇಲಿನವರು ಕರೆದರು. ಅವರು ಅಪ್ಪಣೆ ಬೇಡಿ ಇಲ್ಲೇ ಉಳಿದರು. ಹುಟ್ಟುವವರ ಸೇವೆ ಆಯಿತು, ಇನ್ನು ಸತ್ತವರ ಸೇವೆ ಎಂದರು. ಸತ್ತವರ ಸೇವೆ ಎಂದರೆ ಬೇರೇನಲ್ಲ, ಅವರಿಗಾಗಿ ಪ್ರಾರ್ಥಿಸುವುದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಧರ್ಮಸಭೆ ಮದಲೇನಮ್ಮನವರನ್ನು ಸಂತರೆಂದು ಘೋಷಿಸಿಲ್ಲ. ಹಾಗೆ ಕರೆಯುವ ಅಧಿಕಾರ ಊರ ಶಾಲೆಯ ಕನ್ನಡ ಟೀಚರಾದ ನನಗೆ ಖಂಡಿತ ಇಲ್ಲ. ನಾನು ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಬರೆಯುತ್ತೇನೆ. ಓದುವವರು ತಮ್ಮ ವಿಶ್ವಾಸಕ್ಕೆ ತಕ್ಕಂತೆ ತೆಗೆದುಕೊಳ್ಳಬೇಕು.

ನಮ್ಮೂರಿನ ಒಂದು ಪದ್ಧತಿಯನ್ನೂ ಈಗಲೇ ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ಬೇರೆ ಊರಿನವರಿಗೆ ಅರ್ಥವಾಗುವುದಿಲ್ಲ. ನವೆಂಬರ್ ಎರಡು ಸತ್ತವರ ಹಬ್ಬ. ಅಂದು ಕ್ರೈಸ್ತರೆಲ್ಲ ತಮ್ಮವರ ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಇದು ಎಲ್ಲ ಕಡೆ ಇರುವುದೇ. ನಮ್ಮಲ್ಲಿ ಇನ್ನೂ ಒಂದಿದೆ. ಹಬ್ಬಕ್ಕೆ ಎರಡು ವಾರ ಮುಂಚೆ ಚರ್ಚಿನ ಬಾಗಿಲಲ್ಲಿ ಒಂದು ಮರದ ಪೆಟ್ಟಿಗೆ ಇಡುತ್ತಾರೆ. ಮನೆಯವರು ತಮ್ಮ ಸತ್ತವರ ಹೆಸರನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕುತ್ತಾರೆ. ಹಬ್ಬದ ದಿನ ಮಧ್ಯಾಹ್ನದ ಪೂಜೆಯಾದ ಮೇಲೆ, ಸಮಾಧಿಗಳ ನಡುವೆ ನಿಂತು ಆ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾರೆ. ಹೆಸರು ಕರೆದ ಕೂಡಲೇ ಆ ಮನೆಯ ಒಬ್ಬರು “ನಮ್ಮವರು” ಎಂದು ಗಟ್ಟಿಯಾಗಿ ಹೇಳಿ ಬತ್ತಿ ಹಚ್ಚಬೇಕು. ಯಾರೂ ಹೇಳದಿದ್ದರೆ ಎರಡನೆಯ ಸಲ ಕರೆಯುತ್ತಾರೆ. ಆಗಲೂ ಯಾರೂ ಇಲ್ಲವೆಂದರೆ ಮೂರನೆಯ ಸಲ. ಮೂರನೆಯ ಸಲ ಕರೆದಾಗ ಇಡೀ ಊರು ಒಟ್ಟಾಗಿ “ನಮ್ಮವರು” ಎನ್ನಬೇಕು. ವಂಶ ಅಳಿದವರು, ಎಲ್ಲಿಂದಲೋ ಬಂದು ಇಲ್ಲಿ ಕಣ್ಣು ಮುಚ್ಚಿದವರು ಹೀಗೆ ಊರಿನ ಪಾಲಾಗುತ್ತಾರೆ.

ಇದು ಬರೀ ರೂಢಿಯಲ್ಲ. ಬದುಕಿರುವವರೂ ಸತ್ತವರೂ ಒಂದೇ ಕುಟುಂಬ ಎಂಬುದು ನಮ್ಮ ಧರ್ಮಸಭೆಯ ಬೋಧನೆ. ಸಾವು ಆ ಕುಟುಂಬದ ನಡುವೆ ಎದ್ದ ಗೋಡೆಯಲ್ಲ, ಬಾಗಿಲು ಮಾತ್ರ. ಸ್ವರ್ಗ ಸೇರುವ ಮುಂಚೆ ಶುದ್ಧೀಕರಣದಲ್ಲಿರುವ ಆತ್ಮಗಳಿಗೆ ನಮ್ಮ ಪ್ರೀತಿ ಆ ಬಾಗಿಲಿನಿಂದ ತಲುಪುತ್ತದೆ.

ಆ ವರ್ಷ ನವೆಂಬರ್ ಒಂದು, ಶುಕ್ರವಾರ, ಬೆಳಗಿನ ಪೂಜೆ ಮುಗಿಸಿ ನಾನು ಚೀಟಿಗಳನ್ನು ತೆಗೆದುಕೊಂಡು ಸಿಸ್ಟರ್ ಅವರ ಕೋಣೆಗೆ ಹೋದೆ. ಪ್ರತಿ ವರ್ಷ ಇದು ನಮ್ಮಿಬ್ಬರ ಕೆಲಸ. ಅವರು ಬಾಗಿಲ ಬಳಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಮಡಿಲಲ್ಲಿ ಮೊರ ಇಟ್ಟುಕೊಳ್ಳುತ್ತಿದ್ದರು. ನಾನು ಚೀಟಿಗಳನ್ನು ಮೊರಕ್ಕೆ ಸುರಿಯುತ್ತಿದ್ದೆ. ಅವರು ಅಕ್ಕಿ ಆರಿಸುವ ಹಾಗೆ ಒಂದೊಂದನ್ನೇ ಎತ್ತಿ, ಅಂಗೈಯಲ್ಲಿ ಒಂದು ಗಳಿಗೆ ಇಟ್ಟುಕೊಂಡು, ನನಗೆ ಕೊಡುತ್ತಿದ್ದರು. ನಾನು ಹೆಸರು ಓದುತ್ತಿದ್ದೆ. ಅವರು ಜಪಸರದ ಒಂದು ಮಣಿ ಸರಿಸುತ್ತಿದ್ದರು.

ನೂರಕ್ಕೂ ಮೇಲೆ ಚೀಟಿಗಳಾಗಿದ್ದವು. ಆಗ ಅವರು ಒಂದನ್ನು ಎತ್ತಿದವರು ಕೊಡಲೇ ಇಲ್ಲ. ಎಡಗೈಯಿಂದ ಬಲಗೈಗೆ ಹಾಕಿಕೊಂಡರು. ಮತ್ತೆ ಎಡಗೈಗೆ. ಮೊರದಲ್ಲಿ ಕಲ್ಲು ಸಿಕ್ಕಿದಾಗ ಹೆಂಗಸರು ಬೆರಳಲ್ಲಿ ತಿಕ್ಕಿ ನೋಡುತ್ತಾರಲ್ಲ, ಹಾಗೆ.

“ಲೂಸಿ, ಇದು ಬೆಚ್ಚಗಿದೆ” ಎಂದರು.

ಬಿಸಿಲಿಗೆ ಕಾದಿರಬೇಕು ಎಂದೆ.

“ಎಲ್ಲವೂ ಬಿಸಿಲಲ್ಲೇ ಇವೆ. ಉಳಿದವು ತಣ್ಣಗಿವೆ. ಇದು ಮಗುವಿನ ಹಣೆ ಮುಟ್ಟಿದ ಹಾಗಿದೆ.”

ನಾನು ತೆಗೆದುಕೊಂಡು ನೋಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ನನ್ನ ಕೈಗೆ ಅದು ಬರೀ ಕಾಗದ. ಬಿಡಿಸಿ ಓದಿದೆ. “ಜೆಸಿಂತ. ವಯಸ್ಸು ಇಪ್ಪತ್ತಾರು.”

ಜೆಸಿಂತ ನನ್ನ ಶಿಷ್ಯೆ. ಮೂರು ದಿನದ ಹಿಂದೆಯಷ್ಟೇ ಫೋನಿನಲ್ಲಿ ನನ್ನ ಜೊತೆ ಮಾತಾಡಿದ್ದಳು, ಹಿನ್ನೆಲೆಯಲ್ಲಿ ಅವಳ ಕೂಸು ಅಳುವುದು ಕೇಳಿಸುತ್ತಿತ್ತು. ಚೀಟಿಯಲ್ಲಿ ಇಟ್ಟವರ ಹೆಸರಿರಲಿಲ್ಲ. ಆದರೆ ಪ್ರತಿ ಅಕ್ಷರದ ಕೊನೆಯೂ ಉಳಿಯಿಂದ ಕಡಿದಂತೆ ಚೂಪಾಗಿತ್ತು. ಊರಿನಲ್ಲಿ ಹಾಗೆ ಬರೆಯುವವರು ಒಬ್ಬರೇ, ಅವಳ ತಂದೆ ಸಹಾಯರಾಜಣ್ಣ.

“ಕರೆದುಕೊಂಡು ಬಾ” ಎಂದರು ಸಿಸ್ಟರ್.

ಅವರು ಬರುವ ಮೊದಲು ಓದುಗರಿಗೆ ಅವರ ವಿಚಾರ ಹೇಳುತ್ತೇನೆ. ಸಹಾಯರಾಜಣ್ಣನದು ಗ್ರಾನೈಟ್ ಕೆಲಸ. ಅಡುಗೆಮನೆಯ ಕಟ್ಟೆಗೆ ಹಾಸುವ ಚಪ್ಪಡಿಗಳಿಗೆ ಪಾಲಿಷ್ ಹಾಕುತ್ತಾರೆ, ಸಮಾಧಿಯ ಕಲ್ಲುಗಳನ್ನೂ ಮಾಡುತ್ತಾರೆ. ಕಪ್ಪು ಕಲ್ಲಿನ ಮೇಲೆ ಸತ್ತವರ ಫೋಟೋವನ್ನು ಇದ್ದ ಹಾಗೇ ಮೂಡಿಸುವ ಲೇಸರ್ ಯಂತ್ರ ನಮ್ಮ ಕಡೆಗೆ ಮೊದಲು ತಂದವರು ಅವರೇ. ಹೆಂಡತಿ ಆಗ್ನೇಸಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು ಜೆಸಿಂತ. ಹತ್ತನೇ ಕ್ಲಾಸು ಮುಗಿಸಿದ ಮೇಲೆ ಸಿಸ್ಟರ್ ಆಗುತ್ತೇನೆ ಎಂದು ಮಠಕ್ಕೆ ಹೋದಳು. ನಮ್ಮೂರಿನಿಂದ ಹಾಗೆ ಹೋದ ಮೊದಲ ಹುಡುಗಿ. ಅವಳು ಸನ್ಯಾಸದ ಮೊದಲ ವ್ರತ ತೆಗೆದುಕೊಂಡ ದಿನ ತಂದೆ ಊರಿಗೆಲ್ಲ ಊಟ ಹಾಕಿಸಿದರು, ಬ್ಯಾಂಡ್‌ಸೆಟ್ ತರಿಸಿದರು. ಅಂದಿನಿಂದ ಊರು ಅವರನ್ನು ‘ಸಿಸ್ಟರಪ್ಪ’ ಎಂದೇ ಕರೆಯಿತು. ಅವರಿಗೂ ಅದು ಇಷ್ಟವಾಗಿತ್ತು.

ಕಡೆಯ ವ್ರತಕ್ಕೆ ಮುಂಚೆ ಜೆಸಿಂತ ಮಠ ಬಿಟ್ಟಳು. ಇದು ಪಾಪವಲ್ಲ. ಕಡೆಯ ವ್ರತಕ್ಕೆ ಅಷ್ಟು ವರ್ಷ ಕಾಯಿಸುವುದೇ ದೇವರ ಕರೆ ಯಾವ ಕಡೆಗೆ ಎಂದು ಪರೀಕ್ಷಿಸಿಕೊಳ್ಳಲಿ ಎಂದು. ಮಠದವರೇ ಹರಸಿ ಕಳಿಸಿಕೊಟ್ಟರು. ಮುಂದಿನ ವರ್ಷ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಹುಡುಗನನ್ನು ಚರ್ಚಿನಲ್ಲೇ ಮದುವೆಯಾದಳು. ಆದರೆ ಊರು ಸುಮ್ಮನಿರುತ್ತದೆಯೇ? ಟೀ ಅಂಗಡಿಯಲ್ಲಿ ಯಾರೋ ಕೇಳಿದರಂತೆ, “ಏನ್ ಸಿಸ್ಟರಪ್ಪ, ಬ್ಯಾಂಡ್‌ಸೆಟ್ಟಿನೋರಿಗೆ ಇನ್ನೊಂದ್ ಸಲ ಹೇಳಿದ್ದೀಯಾ? ಹೋಗುವಾಗ ಊದಿದ್ರು, ಬರುವಾಗ ಬೇಡ್ವಾ?”

ಅಂದು ಅವರು ಟೀ ಕುಡಿಯದೆ ಎದ್ದು ಬಂದರು. ಮಗಳ ನಂಬರನ್ನು ಬ್ಲಾಕ್ ಮಾಡಿದರು. ಬ್ಲಾಕ್ ಎಂದರೆ ಈಗ ಎಲ್ಲರಿಗೂ ಗೊತ್ತಿದೆ, ಆದರೂ ಹೇಳುತ್ತೇನೆ: ಆ ಮನುಷ್ಯರು ಎಷ್ಟು ಸಲ ಕರೆದರೂ ನಮ್ಮ ಫೋನ್ ಮೌನವಾಗಿರುತ್ತದೆ. ಅವರು ಅತ್ತರೂ ನಕ್ಕರೂ ನಮಗೆ ತಿಳಿಯುವುದಿಲ್ಲ. ಮಗು ಹುಟ್ಟಿದ್ದು, ಜ್ಞಾನಸ್ನಾನದ ದಿನ ನೀರೆರೆದು ಅದಕ್ಕೆ ಅಜ್ಜಿಯ ಹೆಸರಿಡುವುದು, ಆ ದಿನ ಅಪ್ಪ ಬರಲೇಬೇಕೆಂದು ಅವಳು ಬೇಡಿಕೊಂಡದ್ದು, ಎಲ್ಲವೂ ನನ್ನ ಮೂಲಕವೇ ಅವರನ್ನು ತಲುಪಬೇಕಾಯಿತು. ನಾನು ಹೇಳಿದ ವಾರವೇ ಅವರು ಸಮಾಧಿಭೂಮಿಯಲ್ಲಿ ಆಗ್ನೇಸಮ್ಮನ ಶಿಲುಬೆಯ ಎದುರಿಗೆ ಒಂದು ಕಪ್ಪು ಕಲ್ಲು ನಿಲ್ಲಿಸಿದರು. ಅದರ ಮೇಲೆ ಜೆಸಿಂತಳ ಮುಖ, ಹುಟ್ಟಿದ ತಾರೀಕು, ಪಕ್ಕದಲ್ಲಿ ಮರಣದ ತಾರೀಕು. ಅವಳು ಮಠ ಬಿಟ್ಟ ದಿನದ ತಾರೀಕು ಅದು.

ಸ್ವಾಮಿಗಳು, ಅಂದರೆ ನಮ್ಮ ಚರ್ಚಿನ ಗುರುಗಳು, ಅದನ್ನು ತೆಗೆಸಲು ಎರಡು ಸಲ ಹೇಳಿ ಕಳಿಸಿದ್ದರು. ಸಹಾಯರಾಜಣ್ಣ ಕಿವಿಗೆ ಹಾಕಿಕೊಂಡಿರಲಿಲ್ಲ.

ನಾನು ಕರೆದಾಗ ಅವರು ಬಂದು ಬಾಗಿಲಲ್ಲೇ ನಿಂತರು. ಮೈಮೇಲೆಲ್ಲ ಕಲ್ಲಿನ ಪುಡಿ. “ಸ್ತೋತ್ರ ತಾಯಿ” ಎಂದರು.

“ಒಳಗೆ ಬಾ ಸಹಾಯ. ಚಟ್ಟದ ಮೇಲೆ ಕೂರು, ಬೇರೆ ಜಾಗ ಇಲ್ಲ.”

ಅವರು ಕೂರಲಿಲ್ಲ.

“ಈ ಚೀಟಿ ನಿನ್ನದಾ?”

“ನಂದೇ. ಸತ್ತೋರ ಹೆಸರು ಬರೆದು ಹಾಕಿ ಅಂದ್ರಿ, ಹಾಕಿದೀನಿ. ತಪ್ಪೇನು?”

ನಾನು ತಡೆಯಲಾರದೆ ಬಾಯಿ ಹಾಕಿದೆ. “ಸಹಾಯಣ್ಣ, ಮೊನ್ನೆ ತಾನೇ ಫೋನ್ ಮಾಡಿದ್ಲು. ಭಾನುವಾರ ಮಗು ಜ್ಞಾನಸ್ನಾನ. ಅಪ್ಪ ಬರ್ತಾರಾ ಟೀಚರ್ ಅಂತ...”

“ನಿಮಗೆ ಬರುತ್ತೆ ಟೀಚರ್, ನನ್ ಫೋನಿಗೆ ಬರಲ್ಲ. ಈಗಿನ ಕಾಲದಲ್ಲಿ ಯಾರನ್ನ ಇಟ್ಕೋಬೇಕು ಯಾರನ್ನ ಬಿಡಬೇಕು ಅನ್ನೋದು ನಮ್ ಬೆರಳ ತುದೀಲೇ ಐತೆ. ಒತ್ತಿದೆ, ಮುಗೀತು.” ಅವರ ದನಿ ಏರಿತು. “ನಾಳೆ ಊರ ಮುಂದೆ ಆ ಹೆಸರು ಕರೀಬೇಕು. ಮೂರು ಸಲ ಕರೀಲಿ. ನಾನು ಅಲ್ಲೇ ನಿಂತಿರ್ತೀನಿ, ‘ನಮ್ಮವರು’ ಅನ್ನಲ್ಲ. ಎಲ್ಲರ ಎದುರಿಗೆ ಅನ್ನಲ್ಲ. ಆಗ ಗೊತ್ತಾಗ್ಲಿ, ಸಿಸ್ಟರಪ್ಪ ಅಂದು ನಕ್ಕೋರಿಗೆ.”

ಆಗ ನನಗೆ ಅವರ ಉದ್ದೇಶ ಅರ್ಥವಾಯಿತು. ಸತ್ತವರನ್ನು ತಮ್ಮವರೆನ್ನಲು ಹಿರಿಯರು ಮಾಡಿದ ಪದ್ಧತಿಯನ್ನೇ ಹಿಡಿದು, ಬದುಕಿರುವ ಮಗಳನ್ನು ತನ್ನವಳಲ್ಲ ಎನ್ನಲು ಅವರು ಹೊರಟಿದ್ದರು. ಪ್ರಾರ್ಥನೆಯಿಂದ ಯಾರಿಗೂ ಕೇಡಾಗುವುದಿಲ್ಲ, ನಮ್ಮ ದ್ವೇಷವನ್ನು ದೇವರು ನೆರವೇರಿಸುವುದೂ ಇಲ್ಲ. ಇದನ್ನು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಜೆಸಿಂತಳ ಜೀವಕ್ಕೆ ಆ ಚೀಟಿಯಿಂದ ಯಾವ ಅಪಾಯವೂ ಇರಲಿಲ್ಲ. ಅಪಾಯ ಬೇರೆಯವರಿಗೆ ಇತ್ತು.

ಸಿಸ್ಟರ್ ಅವರು ಕೋಪಿಸಿಕೊಳ್ಳಲಿಲ್ಲ. “ಕರೆದವರೂ ದೇವರೇ, ಹೋಗಿ ಬಾ ಅಂದವರೂ ದೇವರೇ. ನಡುವೆ ನಿನ್ನ ಬ್ಯಾಂಡ್‌ಸೆಟ್ಟು ಯಾಕಪ್ಪ ಬಂತು?” ಎಂದು ಮೆಲ್ಲಗೆ ನಕ್ಕರು. ಆಮೇಲೆ, “ಆಗಲಿ. ನಾಳೆ ಸತ್ತವರ ಹೆಸರು ಒಂದನ್ನೂ ಬಿಡದೆ ಕರೆಯುತ್ತೇವೆ. ಆ ಕಲ್ಲಿನಲ್ಲಿ ನಿನ್ನ ಮುಖ ನೋಡಿಕೊಂಡೆಯಾ?” ಎಂದರು.

ಕಲ್ಲಿನ ಕೆಲಸದವರು ಪಾಲಿಷ್ ಪರೀಕ್ಷಿಸುವುದು ಹಾಗೆಯೇ. ಬಗ್ಗಿ ತಮ್ಮ ಮುಖ ನೋಡಿಕೊಳ್ಳುತ್ತಾರೆ. ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಂಡರೆ ಕೆಲಸ ಮುಗಿಯಿತು ಎಂದು ಅರ್ಥ.

“ನೋಡದೆ ನಿಲ್ಲಿಸ್ತೀನಾ ತಾಯಿ?”

“ಇನ್ನೊಂದು ಸಲ ನೋಡು” ಎಂದರು ಸಿಸ್ಟರ್.

ಮುಂದಿನದು ನಾನು ಕಂಡದ್ದಲ್ಲ. ಸಹಾಯರಾಜಣ್ಣನೇ ಆಮೇಲೆ ನನಗೆ ಹೇಳಿದ್ದು.

ಕುರುಡಿಗೆ ಕಲ್ಲಿನ ಮಾತೇಕೆ ಎಂದು ಮನಸ್ಸಿನಲ್ಲೇ ನಗುತ್ತ ಅವರು ಸಮಾಧಿಭೂಮಿಯ ಒಳಗೆ ಹೋದರು. ಹನ್ನೆರಡರ ಗಂಟೆ ಆಗತಾನೇ ಹೊಡೆದು ನಿಂತಿತ್ತು. ನೆತ್ತಿಯ ಮೇಲೆ ಬಿಸಿಲು. ಯಾವ ನೆರಳೂ ಇರಲಿಲ್ಲ, ಸಿಲ್ವರ್ ಓಕ್ ಮರದ ಎಲೆ ಕೂಡ ಅಲುಗುತ್ತಿರಲಿಲ್ಲ. ಅವರು ಮಗಳ ಕಲ್ಲಿನ ಮುಂದೆ ನಿಂತು ಬಗ್ಗಿದರು. ಕಲ್ಲಿನಲ್ಲಿ ಆಕಾಶ ಕಂಡಿತು. ಮರ ಕಂಡಿತು. ಬೆನ್ನ ಹಿಂದಿದ್ದ ಆಗ್ನೇಸಮ್ಮನ ಶಿಲುಬೆ, ಅದರ ಮೇಲೆ ಕೂತ ಒಂದು ಕಾಗೆ, ಎಲ್ಲ ಸ್ಪಷ್ಟವಾಗಿ ಕಂಡವು.

ಮುಖ ಕಾಣಲಿಲ್ಲ.

ಪಕ್ಕಕ್ಕೆ ಸರಿದಿದ್ದೇನೇನೋ ಎಂದು ನೇರ ನಿಂತು ಮತ್ತೆ ಬಗ್ಗಿದರು. ಕಾಗೆ ಕತ್ತು ಕೊಂಕಿಸಿತು. ಅವರ ಎದೆ ಇರಬೇಕಾದ ಜಾಗದಲ್ಲಿ ಆ ಕಾಗೆ ಇತ್ತು. ತಿರುಗಿ ನೋಡಿದರು, ಹೌದು, ಶಿಲುಬೆಯ ಮೇಲೆ ಕಾಗೆ ಕೂತಿದೆ. ಅವರಿಗೂ ಕಲ್ಲಿಗೂ ನಡುವೆ ಏನೂ ಇಲ್ಲ. ಕಲ್ಲಿಗೂ ಕಾಗೆಗೂ ನಡುವೆ ಅವರಿದ್ದಾರೆ. ಆದರೂ ಕಲ್ಲು ಅವರನ್ನು ದಾಟಿ ನೋಡುತ್ತಿತ್ತು. ಅಂಗಿಯ ತೋಳಿನಿಂದ ಕಲ್ಲನ್ನು ಒರೆಸಿದರು. ತೋಳು ಕಾಣಲಿಲ್ಲ. ಕಲ್ಲಿನ ಮೇಲೆ ಮಗಳ ಮುಖ ಮಾತ್ರ ನಗುತ್ತಿತ್ತು.

ಓಡಿ ಕೆಲಸದ ಶೆಡ್ಡಿಗೆ ಬಂದರು. ಅಲ್ಲಿ ಮುರುಗೇಶ ಎಂಬ ಕೆಲಸದವನು ಅಡುಗೆಮನೆಯ ಚಪ್ಪಡಿಯೊಂದಕ್ಕೆ ಪಾಲಿಷ್ ಮುಗಿಸಿ, ಅದರ ಮೇಲೆ ಬಗ್ಗಿ ಹಲ್ಲು ಕಿರಿಯುತ್ತಿದ್ದ. “ಬನ್ನಿ ಓನರ್, ಹೆಂಗ್ ಬಂದೈತೆ ನೋಡಿ. ಹಲ್ಲು ಎಣಿಸ್ಕೋಬಹುದು.” ಇವರು ಅವನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ಬಗ್ಗಿದರು. ಚಪ್ಪಡಿಯಲ್ಲಿ ಮುರುಗೇಶ ಒಬ್ಬನೇ ನಗುತ್ತಿದ್ದ.

ಇದು ಕಣ್ಣಿನ ದೋಷವೋ ಮನಸ್ಸಿನ ಕಳವಳವೋ ನಾನು ಹೇಳಲಾರೆ. ವೈದ್ಯರು ಬೇರೆ ಕಾರಣ ಕೊಡಬಹುದು. ಅಂದು ಓನರ್ ಮುಖ ಕಲ್ಲಿನಲ್ಲಿ ಕಾಣಿಸುತ್ತಿತ್ತೇ ಎಂದು ನಾನು ಮುರುಗೇಶನನ್ನು ಕೇಳಿಯೂ ನೋಡಿದೆ. “ನಾನು ನನ್ ಹಲ್ಲು ನೋಡ್ಕೋತಿದ್ದೆ ಟೀಚರ್” ಎಂದ. ಅದಕ್ಕಿಂತ ಹೆಚ್ಚಿನ ಸಾಕ್ಷಿ ನನ್ನಲ್ಲಿಲ್ಲ.

ಮಾರನೆಯ ದಿನ ಶನಿವಾರ ಸತ್ತವರ ಹಬ್ಬ. ಮೂರೂವರೆಗೆ ಊರೆಲ್ಲ ಸಮಾಧಿಗಳ ನಡುವೆ ಸೇರಿತು. ಸ್ವಾಮಿಗಳು ತೀರ್ಥ ಚಿಮುಕಿಸಿ ಬಂದರು. ಸಿಸ್ಟರ್ ಅವರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೆವು. ನಾನು ಪಕ್ಕದಲ್ಲಿ ನಿಂತು ಹೆಸರುಗಳನ್ನು ಕರೆಯತೊಡಗಿದೆ. “ಚಿನ್ನಪ್ಪ.” “ನಮ್ಮವರು.” “ಲೂರ್ದಮ್ಮ.” “ನಮ್ಮವರು.” ಒಂದೊಂದೇ ಬತ್ತಿ ಹತ್ತಿಕೊಂಡಿತು. ಸಹಾಯರಾಜಣ್ಣ ಬಂದಿದ್ದರು. ಮಗಳ ಕಲ್ಲಿನ ಮುಂದೆ, ಅದಕ್ಕೆ ಬೆನ್ನು ಮಾಡಿ ನಿಂತಿದ್ದರು. ಅವರ ಮುಖ ಸುಣ್ಣದ ಹಾಗಿತ್ತು. ಆದರೂ ತುಟಿ ಬಿಗಿದಿತ್ತು, ಹಟ ಬಿಟ್ಟಿರಲಿಲ್ಲ.

ಕೊನೆಗೆ ನನ್ನ ಕೈಯಲ್ಲಿ ಒಂದೇ ಚೀಟಿ ಉಳಿಯಿತು. ಅದು ಯಾವುದೆಂದು ನಾನು ಹೇಳಬೇಕಾಗಿಲ್ಲ. ಸಿಸ್ಟರ್ ಅವರು ಕೈ ಚಾಚಿ ಅದನ್ನು ತೆಗೆದುಕೊಂಡು, ನಾಲ್ಕಾಗಿ ಮಡಿಸಿ, ತಮ್ಮ ಜಪಸರದ ಚೀಲದಲ್ಲಿ ಇಟ್ಟುಕೊಂಡರು. ಆಮೇಲೆ ಎದ್ದು ನಿಂತರು. ಯಾರೂ ಹಿಡಿಯದೆ ಅವರು ಎದ್ದದ್ದನ್ನು ನಾನು ಆ ವರ್ಷ ಕಂಡಿರಲಿಲ್ಲ.

“ಸಹಾಯರಾಜ” ಎಂದು ಕರೆದರು. “ಆಗ್ನೇಸಮ್ಮನ ಗಂಡ. ಜೆಸಿಂತಳ ಅಪ್ಪ.”

ಮೊದಲು ಜನರಿಗೆ ಅರ್ಥವಾಗಲಿಲ್ಲ. ವಯಸ್ಸಾಯಿತು, ಹೆಸರು ತಪ್ಪಿತು ಎಂದುಕೊಂಡರು. ಸ್ವಾಮಿಗಳು ತಲೆಯೆತ್ತಿ ನೋಡಿದರು. ಬದುಕಿರುವವರ ಹೆಸರನ್ನು ಅಲ್ಲಿ ಕರೆಯುವುದು ಕ್ರಮವಲ್ಲ. ಸಿಸ್ಟರ್ ಅವರಿಗೆ ಅದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗಾಳಿ ನಿಂತಿತ್ತು. ನೂರಾರು ಬತ್ತಿಗಳ ಉರಿ ಅಲುಗದೆ ನೆಟ್ಟಗೆ ನಿಂತಿತ್ತು.

“ಸಹಾಯರಾಜ.” ಎರಡನೆಯ ಸಲ.

ಅವರು ತಮ್ಮ ದೊಡ್ಡಪ್ಪನ ಮಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ಟೀ ಅಂಗಡಿಯವನ ಕಡೆ ನೋಡಿದರು, ಪಕ್ಕದ ಮನೆಯವರ ಕಡೆ ನೋಡಿದರು. ಆಮೇಲೆ ಅವರು ನನಗೆ ಹೇಳಿದ್ದು ಹೀಗೆ: “ಎಲ್ಲರೂ ನನ್ ಕಡೆಗೇ ನೋಡ್ತಿದ್ರು ಟೀಚರ್. ಆದ್ರೆ ಯಾರ ಕಣ್ಣೂ ನನ್ ಮೇಲೆ ನಿಲ್ತಿರ್ಲಿಲ್ಲ. ನನ್ ದಾಟಿ ಹಿಂದಿನ ಕಲ್ಲು ನೋಡ್ತಿದ್ರು.” ನಾನೂ ಒಂದು ನಿಜ ಒಪ್ಪಿಕೊಳ್ಳುತ್ತೇನೆ. ಆ ಕ್ಷಣವನ್ನು ನೆನೆಸಿಕೊಂಡರೆ ನನ್ನ ಕಣ್ಣ ಮುಂದೆ ಬರುವುದು ಕಪ್ಪು ಕಲ್ಲು, ಅದರ ಮೇಲೆ ನಗುವ ಜೆಸಿಂತಳ ಮುಖ. ಅದರ ಮುಂದೆ ಒಬ್ಬರು ನಿಂತಿದ್ದರಲ್ಲ, ಅವರು ಕಲ್ಲನ್ನು ಮರೆಮಾಡಿರಬೇಕಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ಅವರು ನೆನಪಿಗೆ ಬರುವುದಿಲ್ಲ.

“ಸಹಾಯರಾಜ.” ಮೂರನೆಯ ಸಲ.

ಮೂರನೆಯ ಸಲ ಊರೆಲ್ಲ ಹೇಳಬೇಕು. ಯಾರೂ ಹೇಳಲಿಲ್ಲ. ಬದುಕಿರುವವರಿಗೆ ಆ ಮಾತು ಹೇಳಿದರೆ ಏನಾಗುತ್ತದೋ ಎಂಬ ಭಯದಿಂದ ಕೆಲವರು, ಭಯವೇನೆಂದು ತಿಳಿಯದೆ ಕೆಲವರು. ನನ್ನ ನಾಲಿಗೆಯೂ ಏಳಲಿಲ್ಲ. ಲೋಕದಲ್ಲಿ ಅವರನ್ನು ಮೊದಲನೆಯ ಕರೆಗೇ “ನಮ್ಮವರು” ಎನ್ನುವ ಜೀವ ಒಂದೇ ಒಂದಿತ್ತು. ಆ ಜೀವವನ್ನು ಅವರೇ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದರು.

ಸಹಾಯರಾಜಣ್ಣ ಮಣ್ಣಿನ ಮೇಲೆ ಮೊಣಕಾಲೂರಿ ಬಿದ್ದರು. “ಇದ್ದೀನಿ ತಾಯಿ! ಇನ್ನೂ ಇದ್ದೀನಿ! ಕರೀಬೇಡಿ!”

ಸಿಸ್ಟರ್ ಅವರು ದನಿ ಬಂದ ಕಡೆಗೆ ಮುಖ ತಿರುಗಿಸಿದರು. “ನೀನೇ ಹೇಳಿಕೊಂಡರೆ ಆಗುವುದಿಲ್ಲ ಮಗ. ನಿನ್ನನ್ನು ನಮ್ಮವರು ಅನ್ನುವವರು ಹೇಳಬೇಕು. ಎದ್ದು ಅಲ್ಲಿಗೆ ಹೋಗು.”

ಅಷ್ಟೇ ಅವರು ಆಡಿದ ಮಾತು. ನಾನು ಇದನ್ನು ನಮ್ಮ ಸ್ವಾಮಿಗಳ ಜೊತೆ ಚರ್ಚಿಸಿದ್ದೇನೆ. ದೇವರು ಒಬ್ಬರೇ ಆದರೂ ಒಂಟಿಯಲ್ಲ, ತಂದೆ, ಮಗ, ಪವಿತ್ರಾತ್ಮ ಎಂಬ ಪ್ರೀತಿಯ ಬಂಧ ಅವರಲ್ಲೇ ಇದೆ. ಅವರ ರೂಪದಲ್ಲಿ ಹುಟ್ಟಿದ ನಾವೂ ಆದ್ದರಿಂದ ಒಬ್ಬರೇ ಇದ್ದು ಮನುಷ್ಯರಾಗಿ ಉಳಿಯಲಾರೆವು ಎಂದು ಸ್ವಾಮಿಗಳು ವಿವರಿಸಿದರು. ನರಕದ ಬಾಗಿಲಿಗೆ ಅಗುಳಿ ಇರುವುದು ಒಳಗಿನಿಂದ ಎಂದರು. ನನಗೆ ತಟ್ಟನೆ ಫೋನ್ ನೆನಪಾಯಿತು. ಬ್ಲಾಕ್ ಮಾಡಿದಾಗ ನಾವು ಆ ಮನುಷ್ಯರನ್ನು ಹೊರಗೆ ಹಾಕಿದೆವು ಎಂದುಕೊಳ್ಳುತ್ತೇವೆ. ಅವರು ಇದ್ದಲ್ಲೇ ಇರುತ್ತಾರೆ, ಮಗುವಿಗೆ ಹಾಲು ಕೊಡುತ್ತಾರೆ, ಬಟ್ಟೆ ಒಗೆಯುತ್ತಾರೆ. ಒಳಗೆ ಉಳಿದವರು ನಾವು.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಸಹಾಯರಾಜಣ್ಣ ನನ್ನಿಂದ ಮಗಳ ಮನೆಯ ವಿಳಾಸ ಬರೆಸಿಕೊಂಡು ಪಟ್ಟಣಕ್ಕೆ ಹೋದರು. ಇನ್ನು ಮುಂದಿನದು ಜೆಸಿಂತ ಹೇಳಿದ್ದು.

ಏಳೂವರೆಗೆ ಯಾರೋ ಬಾಗಿಲು ತಟ್ಟಿದರು. ಅವಳು ಮಗುವಿಗೆ ಬಿಳಿ ಅಂಗಿ ತೊಡಿಸುತ್ತಿದ್ದಳು. “ಯಾರು?” ಎಂದಳು.

“ನಾನಮ್ಮ.”

“ನಾನು ಅಂದ್ರೆ ಯಾರು?”

ಅವಳಿಗೆ ದನಿ ಗೊತ್ತಾಗಿತ್ತು, ಆದರೂ ಕಾದಳು. ಸಮಾಧಿಯ ಕಲ್ಲಿನ ಫೋಟೋವನ್ನು ಊರಿನವರು ಯಾರೋ ಅವಳ ಫೋನಿಗೆ ಆಗಲೇ ಕಳಿಸಿದ್ದರು. ಮೂರು ವಾರದಿಂದ ಅವಳು ಅದನ್ನು ದಿನವೂ ತೆಗೆದು ನೋಡುತ್ತಿದ್ದಳು.

“ಗೊತ್ತಿಲ್ಲಮ್ಮ” ಎಂದಿತು ಹೊರಗಿನ ದನಿ. “ನೀನೇ ಹೇಳ್ಬೇಕು.”

ಅವಳು ಬಾಗಿಲು ತೆರೆದಳು. ಅವಳು ಕಡೆಯ ಸಲ ಕಂಡಾಗಿನಿಂದ ತಂದೆ ಹತ್ತು ವರ್ಷ ಮುದುಕರಾಗಿದ್ದರು. ಅಳು ಬಂತು, ಆದರೆ ಅವಳು ಅವರ ಮಗಳೇ ತಾನೇ, ಮೊದಲು ಬಂದದ್ದು ಚುಚ್ಚು ಮಾತು. “ಸತ್ತೋಳ ಮನೆಗೆ ಬಂದಿದ್ದೀಯ. ಚಪ್ಪಲಿ ಹೊರಗೆ ಬಿಡಪ್ಪ.”

ಅವರು ಚಪ್ಪಲಿ ಬಿಟ್ಟರು. ಹೊಸ್ತಿಲ ಒಳಗೆ ಬಂದು ನಿಂತರು, ಎಲ್ಲಿ ನಿಲ್ಲಬೇಕೆಂದು ತಿಳಿಯದವರ ಹಾಗೆ. ಜೆಸಿಂತ ಮಗುವನ್ನು ಅವರ ಕೈಗಿಟ್ಟಳು. ಮಗು ಎಚ್ಚರವಾಗಿತ್ತು. ಕಣ್ಣು ಅಗಲ ಮಾಡಿ ಅವರನ್ನೇ ನೋಡಿತು. ಅವರು ಮಗುವಿನ ಮೇಲೆ ಬಗ್ಗಿದರು, ಇನ್ನೂ ಬಗ್ಗಿದರು. ಪಾಲಿಷ್ ನೋಡುವ ಹಾಗೆ ಬಗ್ಗಿದ್ದರು ಎಂದು ಜೆಸಿಂತ ಹೇಳುತ್ತಾಳೆ. ಚಿಕ್ಕಂದಿನಿಂದ ಕಂಡಿದ್ದಳಲ್ಲ. ಕೂಸಿನ ಕಪ್ಪು ಕಣ್ಣಿನೊಳಗೆ, ಸಾಸಿವೆಯಷ್ಟು ಚಿಕ್ಕದಾಗಿ, ಅವರ ಮುಖವಿತ್ತು. ಹುಬ್ಬು, ಮೂಗು, ಎಲ್ಲ ಇತ್ತು.

“ಇದೀನಿ” ಎಂದರಂತೆ. “ಜೆಸಿಂತ, ಇದೀನಿ ಕಣೇ.” ಅವಳಿಗೆ ಆಗ ಅದರ ಅರ್ಥ ತಿಳಿಯಲಿಲ್ಲ.

ಒಂಬತ್ತಕ್ಕೆ ಜ್ಞಾನಸ್ನಾನ. ಅಲ್ಲಿಯ ಚರ್ಚಿನ ವೃದ್ಧ ಗುರುಗಳು ಕ್ರಮ ಶುರುಮಾಡುವ ಮೊದಲು, ಮಗುವಿನ ಪಕ್ಕದಲ್ಲಿ ಕಲ್ಲುಪುಡಿಯ ಅಂಗಿಯಲ್ಲೇ ನಿಂತಿದ್ದ ಈ ಮನುಷ್ಯರನ್ನು ನೋಡಿ ಕೇಳಿದರು, “ಇವರು ಯಾರಮ್ಮ? ನಿಮ್ಮ ಕಡೆಯವರಾ?”

ಜೆಸಿಂತ ನಮ್ಮೂರ ಹುಡುಗಿ. ಎಷ್ಟು ವರ್ಷ ಊರು ಬಿಟ್ಟಿದ್ದರೂ ಸತ್ತವರ ಹಬ್ಬದಲ್ಲಿ ಅವ್ವನ ಹೆಸರಿಗೆ ಬತ್ತಿ ಹಚ್ಚಿ ಬೆಳೆದವಳು. ಅವಳ ಬಾಯಿಂದ ತಾನಾಗಿ ಬಂತು.

“ನಮ್ಮವರು, ಫಾದರ್.”

ಸಹಾಯರಾಜಣ್ಣ ಅಲ್ಲೇ ಜ್ಞಾನಸ್ನಾನದ ತೊಟ್ಟಿ ಹಿಡಿದುಕೊಂಡು, ಎಲ್ಲರ ಎದುರಿಗೆ, ಮಗುವಿಗಿಂತ ಗಟ್ಟಿಯಾಗಿ ಅತ್ತರು.

ವಾರದೊಳಗೆ ಅವರು ಆ ಕಲ್ಲನ್ನು ಕಿತ್ತು ತಂದರು. ಮುಖವನ್ನೂ ಹೆಸರನ್ನೂ ತಾರೀಕುಗಳನ್ನೂ ತಾವೇ ಉಜ್ಜಿ ತೆಗೆದು, ಹೊಸದಾಗಿ ಪಾಲಿಷ್ ಹಾಕಿ, ಸಿಸ್ಟರ್ ಅವರ ಬಾಗಿಲ ಬಳಿ ಕೂರುವ ಕಟ್ಟೆ ಮಾಡಿಕೊಟ್ಟರು. ಸಿಸ್ಟರ್ ಅಂಗೈಯಿಂದ ಅದನ್ನು ಸವರಿ, “ಬೆಚ್ಚಗಿದೆ” ಎಂದರು. ಅಂದು ಬಿಸಿಲಿತ್ತು. ಆದ್ದರಿಂದ ಅದಕ್ಕೆ ನಾನು ಹೆಚ್ಚಿನ ಅರ್ಥ ಕಟ್ಟುವುದಿಲ್ಲ.

ಮದಲೇನಮ್ಮನವರು ಎರಡು ವರ್ಷದ ಮೇಲೆ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಒಂದು ಬೆಳಿಗ್ಗೆ, ಅದೇ ಕೋಣೆಯಲ್ಲಿ ತೀರಿಕೊಂಡರು. ಅವರನ್ನು ಹೊತ್ತದ್ದು ಅವರ ಜೊತೆಗಾರನಾಗಿದ್ದ ಅದೇ ಚಟ್ಟ. ಜಪಸರದ ಚೀಲದಲ್ಲಿ ನಾಲ್ಕಾಗಿ ಮಡಿಸಿದ ಚೀಟಿ ಇನ್ನೂ ಇತ್ತು. ನಾವು ಅದನ್ನು ಅವರ ಜೊತೆಗೇ ಇಟ್ಟೆವು.

ಆ ನವೆಂಬರಿನಲ್ಲಿ ಚೀಟಿಗಳನ್ನು ಕರೆಯುತ್ತ ನಾನು ಅವರ ಹೆಸರಿಗೆ ಬಂದಾಗ ಚೀಟಿಯನ್ನು ಇನ್ನೊಂದು ಸಲ ನೋಡಿದೆ. ಅವರಿಗೆ ಮನೆ ಮಕ್ಕಳಿಲ್ಲ, ಅಣ್ಣ ತಮ್ಮಂದಿರು ಎಂದೋ ಹೋದರು. ಮೂರು ಸಲ ಕರೆಯಬೇಕಾಗುತ್ತದೆ ಎಂದುಕೊಂಡೆ. “ಸಿಸ್ಟರ್ ಮದ...” ಎನ್ನುತ್ತಿದ್ದಂತೆಯೇ ಹಿಂದಿನಿಂದ “ನಮ್ಮವರು” ಎಂಬ ದನಿ ಕೇಳಿತು. ಸಹಾಯರಾಜಣ್ಣ ಬತ್ತಿ ಹಚ್ಚಿಕೊಂಡು ನಿಂತಿದ್ದರು. ಅವರ ಭುಜದ ಮೇಲೆ ಪುಟ್ಟ ಆಗ್ನೇಸ್, ಪಕ್ಕದಲ್ಲಿ ಜೆಸಿಂತ.

ಅಂದಿನಿಂದ ಹೀಗೇ ನಡೆದಿದೆ. ಪ್ರತಿ ಹಬ್ಬದಲ್ಲೂ ಅವರು ಒಂದು ಕಟ್ಟು ಹೆಚ್ಚಿನ ಬತ್ತಿಗಳನ್ನು ತರುತ್ತಾರೆ. ಯಾರೂ ಇಲ್ಲದವರ ಹೆಸರು ಬಂದಾಗ ಒಂದು ಉಸಿರಿನಷ್ಟು ಕಾಯುತ್ತಾರೆ, ಮನೆಯವರಿಗೆ ಅವಕಾಶ ಕೊಡಬೇಕಲ್ಲ. ಆಮೇಲೆ ಮುಂದೆ ಬಂದು ಹೇಳುತ್ತಾರೆ. ನಮ್ಮೂರಿನಲ್ಲಿ ಮೂರನೆಯ ಸಲ ಕರೆಯುವ ಪದ್ಧತಿಯನ್ನು ಯಾರೂ ರದ್ದು ಮಾಡಿಲ್ಲ. ಈಚೆಗೆ ಅದು ಬೇಕಾಗಿಲ್ಲ, ಅಷ್ಟೇ.